ಕುಸಳ ಬಲಿಯುವ ಮೊದಲು

ನಾನು ಟ್ರ್ಯಾಕ್ಟರ್ ಆಪರೇಟರ್ ಆಗಿ ನೌಕರಿಗೆ ಸೇರಿ, ಟ್ರ್ಯಾಕ್ಟರ್ ಆಪರೇಟರ್ ಆಗಿಯೇ ನಿವೃತ್ತನಾದೆ. ನಡುವೆ ಹುದ್ದೆಯ ಹೆಸರಿಗೆ ಒಂದು ‘ಸೀನಿಯರ್’ ಸೇರಿಕೊಂಡಿತು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಮಂಗಳವೇಢೆಯ ಎರೆನೆಲದಲ್ಲಿ ನೇಗಿಲು ಹೊಡೆದಿದ್ದೇನೆ, ಬದು ಕಟ್ಟಿದ್ದೇನೆ, ಕೆಸರಿನಲ್ಲಿ ಹೂತ ಲಾರಿಗಳನ್ನು ಎಳೆದಿದ್ದೇನೆ. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನನ್ನ ಹತ್ತಿರ ಬಂದು ಕೂಡುತ್ತಾರೆ. “ಮಾಮಾ, ನಿಮ್ಮ ಸರ್ವಿಸಿನ್ಯಾಗ ಭಾಳ ಮಜಾ ಬಂದಿದ್ದು ಯಾವ ಕೆಲಸರಿ?” ಎಂದು ಕೇಳುತ್ತಾರೆ. ಹುಲ್ಲು ಕೊಯ್ದದ್ದು ಅನ್ನುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇವತ್ತಿಗೂ ಆ ಹುಲ್ಲಿನ ಮಾತು ತೆಗೆದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ಎಪ್ಪತ್ತರ ದಶಕದ ನಡುಗಾಲದ ಮಾತು. ನನ್ನೂರು ವಳಸಂಗ. ಸೋಲಾಪುರದ ನಮ್ಮ ವರ್ಕ್‌ಶಾಪಿಗೆ ದಿನಾ ಹೋಗಿ ಬಂದು ಮಾಡುತ್ತಿದ್ದ ನನ್ನನ್ನು ಅಕ್ಕಲಕೋಟ ತಾಲೂಕಿನ ಹನ್ನೂರಿನ ಹತ್ತಿರ ಒಂದು ಕುರಿ ಫಾರ್ಮಿಗೆ ಕಳಿಸಿದರು. ಎಸ್.ಟಿ. ಬಸ್ಸಿನಿಂದ ಫಾಟಾದಲ್ಲಿ, ಅಂದರೆ ಊರದಾರಿ ಒಡೆಯುವಲ್ಲಿ, ಇಳಿದು, ಒಂದು ಹಳ್ಳ ದಾಟಿ ನಡೆದರೆ ತಗಡಿನ ಶೆಡ್ಡುಗಳು ಕಾಣುತ್ತಿದ್ದವು. ಅವುಗಳ ಹಿಂದೆ ಕಣ್ಣು ಹಾಯುವವರೆಗೆ ಕುರಣ, ಅಂದರೆ ಹುಲ್ಲುಗಾವಲು.

ಆ ಫಾರ್ಮಿಗೆ ಪರದೇಶದಿಂದ ಟಗರುಗಳು ಬಂದಿದ್ದವು. ಮೈತುಂಬ ಮೆತ್ತಗಿನ ದಟ್ಟ ಉಣ್ಣೆ. ಹಣೆಯ ಮೇಲಿನ ಉಣ್ಣೆ ಕಣ್ಣಿನ ಮೇಲೆ ಇಳಿದು ದಾರಿ ಕಾಣದೆ ಗೋಡೆಗೆ ಹಾಯುತ್ತಿದ್ದವು. ನಮ್ಮ ಕಡೆಯ ಕುರಿಗಳಿಗೆ ಈ ಟಗರು ಕೂಡಿಸಿ, ಒಳ್ಳೆಯ ಉಣ್ಣೆಯ ಮರಿ ಪಡೆದು ಕುರುಬರಿಗೆ ಕೊಡುವುದು ಫಾರ್ಮಿನ ಕೆಲಸ. ಹನ್ನೂರಿನ ಹಿರಿಯ ಕುರುಬ ಮಾಯಪ್ಪ ಮೊದಲ ಸಲ ಅವುಗಳನ್ನು ನೋಡಿ, “ಕಣ್ಣ ಕಾಣದವಕ್ಕ ಸರಕಾರಿ ನೌಕರಿ ಕೊಟ್ಟಾರ ನೋಡ್ರಿ” ಅಂದಿದ್ದನಂತೆ.

ಟಗರುಗಳ ಜೊತೆಗೇ ಒಂದು ಮಶೀನೂ ಬಂದಿತ್ತು. ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಅಗಲವಾದ ತಗಡಿನ ಪೆಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಗಾಲಿ, ಹೊಟ್ಟೆಯಡಿ ಮೂರು ಬ್ಲೇಡು. ಟ್ರ್ಯಾಕ್ಟರಿನ ಶಾಫ್ಟು ತಿರುಗಿದರೆ ರಬ್ಬರಿನ ಪಟ್ಟಾ ತಿರುಗುತ್ತದೆ, ಪಟ್ಟಾದಿಂದ ಮೂರೂ ಬ್ಲೇಡು ಫ್ಯಾನಿನ ಹಾಗೆ ತಿರುಗಿ ಹುಲ್ಲನ್ನು ಸಮನಾಗಿ ಕತ್ತರಿಸುತ್ತವೆ. ಬಂಗಲೆಯ ಅಂಗಳದ ಹಸಿರನ್ನು ಜಮಖಾನದ ಹಾಗೆ ಇಡುವುದಕ್ಕಾಗಿ ಮಾಡಿದ ಮಶೀನು ಅದು. ನಮ್ಮ ಕುರಣದಲ್ಲಿ ನಿಂತರೆ ಹುಲ್ಲು ಸೊಂಟಕ್ಕೆ ಬರುತ್ತಿತ್ತು.

ಮೊದಲ ದಿನ ನಾನು ಏನು ಮಾಡಿದೆ ಗೊತ್ತೇ? ನೇಗಿಲು ಹೊಡೆದ ಗತ್ತಿನಲ್ಲೇ ಗೇರು ಹಾಕಿ ನೆಟ್ಟಗೆ ಹುಲ್ಲಿನೊಳಗೆ ನುಗ್ಗಿದೆ. ಒಂದು ಗಡಿಕಲ್ಲಿನಿಂದ ಇನ್ನೊಂದು ಗಡಿಕಲ್ಲಿಗೆ ಹೋಗುವುದರೊಳಗೆ ಹಿಂದಿನಿಂದ ಕರಿ ಹೊಗೆ ಎದ್ದಿತು. ಹುಲ್ಲು ಕಡಿಯುವ ಬದಲು ಮಶೀನು ಅದನ್ನು ನುಂಗಿ ಉಸಿರು ಕಟ್ಟಿಸಿಕೊಂಡಿತ್ತು. ಪಟ್ಟಾ ಜಾರಿ ಜಾರಿ ಸುಟ್ಟು ರಬ್ಬರಿನ ನಾತ. ಟ್ರ್ಯಾಕ್ಟರಿನ ಮೂತಿಯ ಜಾಳಿಗೆಗೆ ಹುಲ್ಲಿನ ಬೀಜ ಮೆತ್ತಿಕೊಂಡು ರೇಡಿಯೇಟರಿನ ನೀರು ಕುದಿಯುತ್ತಿತ್ತು. ನಾನು ಇಳಿದು ಓಡಿದ್ದನ್ನು ನೋಡಿ ಶೆಡ್ಡಿನಲ್ಲಿದ್ದವರೂ ಓಡಿದರು. ನಾನು ಈ ಕಡೆ, ಅವರು ಆ ಕಡೆ.

ಫಾರ್ಮಿನ ಮುಖ್ಯಸ್ಥರು ಡಾಕ್ಟರ್ ಸುಧಾ ಕುಲಕರ್ಣಿ. ಸೋಲಾಪುರದ ಗುಮಾಸ್ತರ ಮನೆತನದ ಮಗಳು, ದನದ ಡಾಕ್ಟರಕಿ ಕಲಿತು ಮೊದಲ ನೌಕರಿಗೆ ಬಂದವರು. ಎಲ್ಲರೂ ಅವರನ್ನು ಡಾಕ್ಟರಬಾಯಿ ಅನ್ನುತ್ತಿದ್ದರು. ಅವತ್ತು ನನಗೆ ಬೈಗುಳ ಖಾತ್ರಿ ಅಂದುಕೊಂಡಿದ್ದೆ. ಅವರು ಹೊಗೆಯಾಡುವ ಮಶೀನಿನ ಸುತ್ತ ಒಂದು ಸುತ್ತು ಹಾಕಿ, “ಶಂಕ್ರಪ್ಪ, ಇದರ ಜೋಡಿ ಬಂದ ಪುಸ್ತಕದಾಗ ಹುಲ್ಲು ಅಂಗೈಗಿಂತ ಎತ್ತರ ಇರಬಾರದಂತ ಬರದಾರ. ನಮ್ಮ ಹುಲ್ಲಿಗೆ ಇದನ್ನ ಓದಿ ಹೇಳೋರು ಯಾರು?” ಅಂದರು. ಇಬ್ಬರೂ ನಗಾಡಿದೆವು. ಆಮೇಲೆ ಕೂತು ಉಪಾಯ ಹುಡುಕಿದೆವು.

ಹೊಸ ಹುಡುಗರೇ, ಆ ವರ್ಷ ನಾನು ಕಲಿತದ್ದನ್ನು ನೀವು ಒಂದು ನಿಮಿಷದಲ್ಲಿ ಕಲಿಯಬಹುದು. ಎತ್ತರದ ಹುಲ್ಲನ್ನು ಒಮ್ಮೆಲೇ ಕೊಯ್ಯಬೇಡಿ. ಗಾಲಿಗಳನ್ನು ಇಳಿಸಿ ಪೆಟ್ಟಿಗೆಯನ್ನು ಆದಷ್ಟು ಮೇಲೆತ್ತಿ ಮೊದಲು ತಲೆ ಹಾರಿಸಿ, ಒಣಗಲು ಬಿಟ್ಟು, ಮತ್ತೆ ಕೆಳಗೆ ಕೊಯ್ಯಿರಿ. ಮಶೀನಿನ ಪೂರಾ ಅಗಲಕ್ಕೆ ಹುಲ್ಲು ಕೊಡಬೇಡಿ, ಅರ್ಧ ಅಗಲ ಸಾಕು. ಇಂಜಿನ್ನು ಜೋರಾಗಿ ತಿರುಗಲಿ, ಗಾಲಿ ಮಾತ್ರ ಎತ್ತಿನ ನಡಿಗೆಯಲ್ಲಿರಲಿ. ಇಬ್ಬನಿ ಆರುವವರೆಗೆ ಚಹಾ ಕುಡಿಯಿರಿ. ಹಸಿ ಹುಲ್ಲು ತಗಡಿಗೆ ಸಗಣಿಯ ಹಾಗೆ ಮೆತ್ತುತ್ತದೆ. ಶಾಫ್ಟು ಪೂರಾ ನಿಂತು, ಇಂಜಿನ್ನು ಬಂದಾಗಿ, ಕೀಲಿಕೈ ನಿಮ್ಮ ಜೇಬಿನಲ್ಲಿ ಬೀಳುವವರೆಗೆ ಪೆಟ್ಟಿಗೆಯಡಿ ಕೈ ಹಾಕಬೇಡಿ. ಕೊನೆಯ ಮಾತನ್ನು ಎರಡು ಸಲ ಓದಿರಿ.

ಇಷ್ಟೆಲ್ಲ ಮಾಡಿದರೂ ಮಶೀನು ಸವೆಯುತ್ತಿತ್ತು. ನೆಲದಲ್ಲಿ ಕಾಣದ ಗರಸಿನ ಕಲ್ಲು ಬಡಿದು ಬ್ಲೇಡು ಮಣಿಯುತ್ತಿದ್ದವು, ಪಟ್ಟಾ ಹರಿಯುತ್ತಿದ್ದವು, ಬ್ಲೇಡಿನ ಮೇಲಿನ ಬೇರಿಂಗುಗಳು ದೂಳು ಕುಡಿದು ಕಿರುಗುಡುತ್ತಿದ್ದವು. ಸಾಮಾನು ಬೇಕೆಂದರೆ ಸೋಲಾಪುರದ ವರ್ಕ್‌ಶಾಪಿನ ಜೋಶಿ ಸಾಹೇಬರ ಮುಂದೆ ನಿಲ್ಲಬೇಕು. ಮಾತಿನಲ್ಲಿ ಮರಾಠಿ ಯಾವುದು, ಕನ್ನಡ ಯಾವುದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ನಾನು ಒಯ್ದ ಹಳೆಯ ಬ್ಲೇಡನ್ನು ಬೆಳಕಿಗೆ ಹಿಡಿದು, “ಅರೇ ಶಂಕರ್, ಹೇ ಕಾಯ್? ನಾ ಬ್ಲೇಡ ಕೊಟ್ಟಿದ್ದೆ, ನೀ ಚಮಚಾ ತಂದೀಯಲ್ಲ” ಅಂದರು. ಇಡೀ ವರ್ಕ್‌ಶಾಪು ನಕ್ಕಿತು. “ನಿಮ್ಮ ಡಾಕ್ಟರಬಾಯಿಗೆ ಹೇಳು, ಇದು ಮಶೀನು, ಎಮ್ಮಿ ಅಲ್ಲ, ಸಿಕ್ಕಿದ್ದು ತಿನ್ನಾಕ.” ಹೊಸದು ಕೊಟ್ಟರು, ಆದರೆ ಪ್ರತಿ ಸಲ ಬೈದೇ ಕೊಟ್ಟರು.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮ ಕುರಣದ ಹುಲ್ಲಿಗೆ ಒಂದು ಗುಣವಿತ್ತು. ಎಳೆಯದಿರುವಾಗ ಅಮೃತ. ತೆನೆ ಬಂದು ಬಲಿತರೆ ಪ್ರತಿ ಬೀಜಕ್ಕೂ ಸೂಜಿಯಂಥ ಮೊನೆ, ಅದರ ಹಿಂದೆ ಉದ್ದನೆಯ ಬಾಲ. ಇದಕ್ಕೆ ಕುಸಳ ಅನ್ನುತ್ತಿದ್ದರು. ಒಣಗಾಳಿಗೆ ಉದುರಿ ಕುರಿಯ ಉಣ್ಣೆಗೆ ಅಂಟಿಕೊಂಡರೆ, ತೇವ ತಾಗಿದಾಗ ಬಾಲ ತಿರುಪಿನ ಹಾಗೆ ತಿರುಗಿ ಮೊನೆಯನ್ನು ಚರ್ಮದೊಳಗೆ ಇಳಿಸುತ್ತದೆ. ನಮ್ಮ ನಾಡಕುರಿಗಳ ಒರಟು ಕೂದಲಿನಿಂದ ಅದು ಅರ್ಧಕ್ಕರ್ಧ ಜಾರಿ ಬೀಳುತ್ತಿತ್ತು. ಪರದೇಶದ ಟಗರಿಗೆ ಹುಟ್ಟಿದ ಮರಿಗಳ ಮೆತ್ತನೆಯ ಉಣ್ಣೆಯಲ್ಲಿ ಸಿಕ್ಕರೆ ಬಿಡುತ್ತಿರಲಿಲ್ಲ.

ಹಿಂದಿನ ವರ್ಷ ಅಂಥ ಎಷ್ಟೋ ಮರಿಗಳು ಮೈತುಂಬ ಹುಣ್ಣಾಗಿ ಸತ್ತಿದ್ದವು. ಪರದೇಶದ ರಕ್ತ ನಮ್ಮ ಮಣ್ಣಿಗೆ ಆಗಿಬರುವುದಿಲ್ಲ ಎಂದು ಊರೆಲ್ಲ ಮಾತಾಡಿತು. ಕುರುಬರು ತಮ್ಮ ಕುರಿಗಳನ್ನು ಫಾರ್ಮಿಗೆ ತರುವುದನ್ನೇ ಬಿಟ್ಟರು. ಮಾಯಪ್ಪನೊಬ್ಬ ಮಾತ್ರ ಉಳಿದಿದ್ದ. ಅವನ ಹಿಂಡಿನಲ್ಲಿ ನಾನು ಬಂದ ವರ್ಷ ಹತ್ತಿಯ ಹಾಗೆ ಬೆಳ್ಳಗಿನ ಮರಿಗಳು ಹುಟ್ಟಿದ್ದವು. ಅವೂ ಸತ್ತರೆ ಡಾಕ್ಟರಬಾಯಿಯ ಮೂರು ವರ್ಷದ ಕೆಲಸ ಮುಗಿದಂತೆ. ಫಾರ್ಮು ಮುಚ್ಚುವ ಮಾತು ಮೇಲಿನಿಂದ ಆಗಲೇ ಬಂದಿತ್ತು.

ಆ ವರ್ಷ ಮಳೆ ಚೆನ್ನಾಗಿ ಬಿದ್ದು ಹುಲ್ಲು ಹುಚ್ಚು ಹಿಡಿದಂತೆ ಬೆಳೆಯಿತು. ದಸರೆ ಮುಗಿದ ಮೇಲೆ ಕುರುಬರ ಹಿಂಡುಗಳನ್ನು ಕುರಣದೊಳಗೆ ಬಿಡುವುದು ಹಳೆಯ ಪದ್ಧತಿ. ಅಷ್ಟರೊಳಗೆ ಕುಸಳ ಬಲಿತಿರುತ್ತದೆ. ಕೂಲಿಯವರನ್ನು ಹಚ್ಚಿ ಕೊಯ್ಯಿಸೋಣವೆಂದರೆ ಹಿಂಗಾರಿ ಜೋಳದ ಬಿತ್ತಿಗೆಯ ಹೊತ್ತು. ಊರಿನಲ್ಲಿ ಒಂದು ಕೈಯೂ ಖಾಲಿ ಇರಲಿಲ್ಲ. ಡಾಕ್ಟರಬಾಯಿ ಒಂದು ತೆನೆ ಕಿತ್ತು ಬೆರಳಿನಲ್ಲಿ ಹಿಸುಕಿದರು. “ಇನ್ನೂ ಹಾಲು ಅದ ಇದರಾಗ. ಬಲಿಯೋದರಾಗ ಪೂರಾ ಕುರಣ ಕೊಯ್ಯೋದು ಆಗತದೇನು, ಶಂಕ್ರಪ್ಪ?”

ಕುರಣದ ಆ ತುದಿ ನನಗೆ ಕಾಣುತ್ತಿರಲಿಲ್ಲ. ಆದರೂ, “ಆಗತೈತ್ರಿ” ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ದೇವರೇ ಬಲ್ಲ.

ಮರುದಿನ ಇಬ್ಬನಿ ಆರಿದ ಕೂಡಲೇ ಶುರು ಮಾಡಿದೆ. ಎರಡು ಸುತ್ತು ಹಾಕುವುದರೊಳಗೆ ಹುಲ್ಲಿನ ನಡುವಿನಿಂದ ಒಂದು ಕೆಂಪು ರುಮಾಲು ಎದ್ದಿತು. ಮಾಯಪ್ಪ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಟ್ರ್ಯಾಕ್ಟರಿನ ಮೂತಿಗೆ ಎದುರಾಗಿ ನಿಂತಿದ್ದ. ನಾನು ಗಾಬರಿಯಾಗಿ ಬ್ರೇಕು ಒತ್ತಿದೆ.

“ಏನ ಮಾಡಾಕತ್ತೀಯೋ ತಮ್ಮಾ?”

“ಹುಲ್ಲ ಕೊಯ್ಯಾಕತ್ತೀನಿ, ಮಾಮಾ.”

“ಅದು ನನಗೂ ಕಾಣತೈತಿ. ದಸರಾ ಆದಮ್ಯಾಲ ನನ್ನ ಕುರಿ ಮಣ್ಣ ತಿನ್ನಬೇಕೇನು? ಈ ಹುಲ್ಲ ಎಲ್ಲಿಗಿ ಹೋಗತೈತಿ, ಸೋಲಾಪುರಕ್ಕೇನು?”

ಅಷ್ಟರಲ್ಲಿ ಡಾಕ್ಟರಬಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಲೇ ಬಂದರು. ಈಗ ಕೊಯ್ದರೆ ಹಿಂಗಾರಿ ಮಳೆಗೆ ಹುಲ್ಲು ಮತ್ತೆ ಚಿಗುರುತ್ತದೆ, ಆ ಚಿಗುರಿಗೆ ಕುಸಳ ಇರುವುದಿಲ್ಲ, ಕೊಯ್ದ ಹುಲ್ಲನ್ನು ಇಲ್ಲಿಯೇ ಬಣಿವೆ ಒಟ್ಟುತ್ತೇವೆ ಎಂದು ಹೇಳಿದರು. ಮಾಯಪ್ಪ ಕೇಳಿಸಿಕೊಂಡ.

“ಬಣಿವಿ ಒಟ್ಟತೀರಿ. ತಿನ್ನೋರು ಯಾರು, ನಿಮ್ಮ ಟಗರೇನು?”

“ಟಗರಿಗೂ, ನಿಮ್ಮ ಕುರಿಗೂ ಸಮ ಪಾಲು.”

“ಹೋದ ವರ್ಷನೂ ಸಾಹೇಬರ ಮಾತ ಕೇಳೀನಿ, ಬಾಯಾರ. ಮಾತ ಗಾಳಿಗಿ ಹೋಗತೈತಿ.”

ಅವನ ಸೊಂಟಕ್ಕೆ ಭಂಡಾರದ ಚೀಲ ಕಟ್ಟಿತ್ತು. ಕುರುಬರ ದೇವರು ಬೀರೋಬಾನ ಭಕ್ತರು ಅರಿಶಿನದ ಆ ಪುಡಿಯಿಲ್ಲದೆ ಮನೆ ಬಿಡುವುದಿಲ್ಲ. ಡಾಕ್ಟರಬಾಯಿ ಕೈ ಚಾಚಿ, “ಭಂಡಾರ ಕೊಡ್ರಿ” ಅಂದರು. ಅವನು ಅನುಮಾನಿಸುತ್ತ ಒಂದು ಚಿಟಿಕೆ ಕೊಟ್ಟ. ಅವರು ಅದನ್ನು ಹಣೆಗೆ ಹಚ್ಚಿಕೊಂಡು, “ಇನ್ನ ಇದು ನನ್ನ ನಿಮ್ಮ ಮಾತಲ್ಲ. ಬೀರೋಬಾನ ಮುಂದಿನ ಮಾತು” ಅಂದರು. ಮಾಯಪ್ಪ ಅವರ ಹಣೆಯ ಭಂಡಾರ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ನನಗೆ ಬಡಿಗೆಯಿಂದ ದಾರಿ ತೋರಿಸಿದ.

ದಾರಿ ಬಿಟ್ಟವನು ಮನೆಗೆ ಹೋಗಲಿಲ್ಲ. ಟ್ರ್ಯಾಕ್ಟರಿನ ಮುಂದೆ ದೂರದಲ್ಲಿ ನಡೆಯುತ್ತ ಹುಲ್ಲಿನ ಬುಡಕ್ಕೆ ಬಡಿಗೆ ತಾಗಿಸಿ, ಕಲ್ಲು ಸಿಕ್ಕಲ್ಲಿ ಎತ್ತಿ ಬದಿಗೆ ಎಸೆಯತೊಡಗಿದ. ಮಧ್ಯಾಹ್ನಕ್ಕೆ ಬುತ್ತಿ ತಂದ ಅವನ ಹೆಂಡತಿ ಲಗಮವ್ವ ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕಕ್ಕೆ ನಿಂತಳು. ಮರುದಿನ ಅವರ ಹಟ್ಟಿಯ ಗಂಡಸರು ಹೆಂಗಸರು ಸಾಲಾಗಿ ಮುಂದೆ ನಡೆದರು. ಹಿಂದೆ ನನ್ನ ಟ್ರ್ಯಾಕ್ಟರು. ಅದರ ಹಿಂದೆ ಫಾರ್ಮಿನವರು ಹುಲ್ಲು ಬಳಿದು ಗುಂಪೆ ಹಾಕುತ್ತಿದ್ದರು. ಕಲ್ಲು ಬಡಿಯುವ ಸದ್ದು ನಿಂತೇಹೋಯಿತು. ಬ್ಲೇಡಿನ ಅಲಗು ಸಂಜೆಯವರೆಗೂ ಉಳಿಯುತ್ತಿತ್ತು. ಆ ಉಮೇದಿನಲ್ಲಿ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ, ಲಗಮವ್ವ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಸೀಟಿಗೇ ತಂದು, “ಉಣ್ಣೋ ಯಪ್ಪಾ, ಮಶೀನಿಗಿ ಎಣ್ಣಿ ಹಾಕತೀದಿ, ನಿನಗ?” ಅನ್ನುತ್ತಿದ್ದಳು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗ ನಡುವಿನ ಬ್ಲೇಡಿನ ಬೇರಿಂಗು ಚೀರಿತು. ಅದು ಚೀರಿದ್ದೇ ಸರಿ. ಮುಂದೆ ನಡೆಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಇಂಜಿನ್ನು ಬಂದ್ ಮಾಡಿ ಪೆಟ್ಟಿಗೆ ಎತ್ತಿ ನೋಡಿದರೆ, ಹುಲ್ಲಿನ ನಾರು ಹಗ್ಗದ ಹಾಗೆ ಸುತ್ತಿ ಗ್ರೀಸಿನ ಸೀಲನ್ನು ಕಿತ್ತು ಹಾಕಿತ್ತು. ಒಳಗಿನ ಗುಂಡುಗಳು ಒಡೆದು ಪುಡಿಯಾಗಿದ್ದವು. ಡಾಕ್ಟರಬಾಯಿ ಕೊಯ್ಯದೆ ಉಳಿದ ಹುಲ್ಲಿನ ಕಡೆ ನೋಡಿದರು. ಎತ್ತರದ ಗುಡ್ಡದ ಮಗ್ಗುಲಲ್ಲಿ ತೆನೆಗಳು ಹಸಿರು ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದವು.

ಒಡೆದ ಬೇರಿಂಗನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿ ಸೋಲಾಪುರಕ್ಕೆ ಹೋದೆ. ಜೋಶಿ ಸಾಹೇಬರು ಅದನ್ನು ನೋಡಿದರು, ನನ್ನ ಮುಖ ನೋಡಿದರು. ಅವತ್ತು ಬೈಯಲಿಲ್ಲ.

“ಸ್ಟೋರಿನಾಗ ಇಲ್ಲ. ಪುಣೆಕ್ಕ ಬರದ್ರ ದೀಪಾವಳಿ ಆಗತದ.”

“ದೀಪಾವಳಿಗಿ ಮರಿ ಇರಂಗಿಲ್ಲರಿ, ಸಾಹೇಬ್ರ.”

ಮಾಯಪ್ಪನ ಮರಿಗಳ ಕಥೆ, ಭಂಡಾರದ ಕಥೆ, ಕಲ್ಲು ಹೆಕ್ಕುವವರ ಸಾಲು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, “ಚಲ್, ಸೈಕಲ್ ಮ್ಯಾಲ ಕೂಡು” ಅಂದರು. ವರ್ಕ್‌ಶಾಪಿನ ಸಾಹೇಬರು ಸೈಕಲ್ ತುಳಿಯುವುದು, ನಾನು ಹಿಂದಿನ ಕ್ಯಾರಿಯರಿನ ಮೇಲೆ ಕೂಡುವುದು! ನಾಚಿಕೆಪಡಲೂ ಪುರುಸೊತ್ತಿರಲಿಲ್ಲ.

ಸೋಲಾಪುರದಲ್ಲಿ ಆಗ ಗಿರಣಿಗಳ ಭೋಂಗಾ ಕೇಳಿ ಊರು ಏಳುತ್ತಿತ್ತು. ಗಿರಣಿಗಳ ಹಳೆಯ ಮಶೀನು ಬಿಚ್ಚಿ ಸಾಮಾನು ಮಾರುವ ಅಂಗಡಿಗಳ ಒಂದು ಓಣಿಯಿತ್ತು. ಅಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, ಎಣ್ಣೆ ಹತ್ತಿದ ಬೇರಿಂಗುಗಳ ಗುಡ್ಡೆಯಲ್ಲಿ ಇಬ್ಬರೂ ಕೈ ಹಾಕಿ ಹುಡುಕಿದೆವು. ಒಳಗಿನ ತೂತು ಸರಿಯಿದ್ದರೆ ಹೊರಗಿನ ಅಳತೆ ದೊಡ್ಡದು, ಹೊರಗಿನದು ಸರಿಯಿದ್ದರೆ ಒಳಗಿನದು ಸಣ್ಣದು. ಜೋಶಿ ಸಾಹೇಬರ ಬಿಳಿ ಅಂಗಿಯ ತೋಳು ಕರ್ರಗಾಗಿತ್ತು. ಕೊನೆಗೆ ಒಂದು ಸಿಕ್ಕಿತು. ಶಾಫ್ಟಿಗೆ ಸರಿ, ಹೊರಗೆ ಮಾತ್ರ ತುಸು ಸಡಿಲ. “ಸಡಿಲ ಇದ್ದದ್ದಕ್ಕ ಔಷಧ ಅದ” ಎಂದು ಲೇಥಿನ ಅಂಗಡಿಗೆ ಕರೆದೊಯ್ದು, ತಾವೇ ಮುಂದೆ ನಿಂತು ಅದಕ್ಕೊಂದು ಹಿತ್ತಾಳೆಯ ಬಳೆ ಮಾಡಿಸಿದರು. ಬೇರಿಂಗು ಬಳೆಯೊಳಗೆ ಟಕ್ಕನೆ ಕೂತಾಗ ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

“ನಾಳೆ ಬೆಳಿಗ್ಗಿ ಬಸ್ಸಿಗಿ ನಾನೂ ಬರತೇನಿ” ಅಂದರು. “ನನ್ನ ಚಮಚಾಗಳು ಏನ ಮಾಡ್ಯಾವ ನೋಡಬೇಕು.”

ಮರುದಿನ ನಾವು ಹೋಗುವುದರೊಳಗೆ ಹಟ್ಟಿಯವರು ಉಳಿದ ಹುಲ್ಲಿನ ಬುಡದ ಕಲ್ಲುಗಳನ್ನೆಲ್ಲ ಆರಿಸಿ ಬದುವಿನುದ್ದಕ್ಕೂ ರಾಶಿ ಹಾಕಿದ್ದರು. ಜೋಶಿ ಸಾಹೇಬರು ಆ ಕಲ್ಲಿನ ರಾಶಿ ನೋಡಿ ಅಂಗಿಯ ತೋಳು ಮಡಚಿದರು. ಪಾನಾ ಹಿಡಿದು ನಾನು ಬಿಚ್ಚಿದೆ, ಅವರು ಜೋಡಿಸಿದರು. ಸೀಲಿನ ಜಾಗಕ್ಕೆ ಹಳೆಯ ಬೂಟಿನ ಚರ್ಮ ಕತ್ತರಿಸಿ ಹಾಕಿ ಗ್ರೀಸು ತುಂಬಿದರು. ಇಂಜಿನ್ನು ಹಚ್ಚಿ ಶಾಫ್ಟು ಬಿಟ್ಟೆ. ಚೀರಲಿಲ್ಲ. ಒಂದೇ ಸಮನೆ ಗುಂಯ್‌ಗುಟ್ಟಿತು.

ಆ ಮಧ್ಯಾಹ್ನವನ್ನು ನಾನು ಸಾಯುವವರೆಗೆ ಮರೆಯಲಾರೆ. ಒಣಗಾಳಿ ಎದ್ದಿತ್ತು. ಗುಡ್ಡದ ಮಗ್ಗುಲಿನ ಹುಲ್ಲು ಗಾಳಿಗೆ ಬಾಗಿದಾಗೆಲ್ಲ ತಾಮ್ರದ ಬಣ್ಣ ಕೆಳಗೆ ಕೆಳಗೆ ಇಳಿಯುತ್ತಿದ್ದಂತೆ ಕಾಣುತ್ತಿತ್ತು. ಕೆಲವು ತೆನೆ ಆಗಲೇ ಬೆರಳಿಗೆ ಚುಚ್ಚುತ್ತಿದ್ದವು. ಮಶೀನಿಗೆ ಇದ್ದದ್ದು ಕೊನೆಯ ಪಟ್ಟಾ, ಅದರ ಅಂಚು ದಾರ ಬಿಟ್ಟಿತ್ತು. ಜೋಶಿ ಸಾಹೇಬರು ಪಕ್ಕದಲ್ಲಿ ದೂರ ಕಾಯ್ದುಕೊಂಡು ನಡೆಯುತ್ತ, ಪಟ್ಟಾದ ಮೇಲೇ ಕಣ್ಣಿಟ್ಟು, ಕೈ ಎತ್ತಿ ಇಳಿಸಿ ನನಗೆ ಸನ್ನೆ ಮಾಡುತ್ತಿದ್ದರು. ಕೈ ಕೆಳಗೆ ಬಂದರೆ ಸಾವಕಾಶ, ಮುಷ್ಟಿ ಮಾಡಿದರೆ ನಿಲ್ಲು. ನಿಂತಾಗೆಲ್ಲ ಜಾಳಿಗೆಯ ಬೀಜ ಉದುರಿಸಿ, ತಗಡಿಗೆ ಮೆತ್ತಿದ ಹುಲ್ಲು ಕೆರೆದು, ಮತ್ತೆ ಹೊರಡುವುದು. ಪೆಟ್ಟಿಗೆಯ ತಗಡು ಬೆಸುಗೆ ಬಿಟ್ಟು ಅಲುಗಾಡತೊಡಗಿತು. ಅದಕ್ಕೆ ಸರಪಳಿ ಬಿಗಿದೆವು. ಹಿಂದೆ ಡಾಕ್ಟರಬಾಯಿ ತಾವೇ ಹುಲ್ಲು ಬಳಿಯುತ್ತಿದ್ದರು. ಬಿಸಿಲು ಇಳಿಯುತ್ತಿರುವಾಗ ಹುಲ್ಲಿನ ಕೊನೆಯ ಸಾಲು ಉಳಿಯಿತು. ಅದರ ನಡುವೆ ಬಂದಾಗ ಪಟ್ಟಾ ಅರ್ಧ ಸೀಳಿ ಛಟಛಟ ತಗಡಿಗೆ ಬಡಿಯಲಾರಂಭಿಸಿತು. ಸಾಹೇಬರ ಕಡೆ ನೋಡಿದೆ. ಅವರು ಮುಷ್ಟಿ ಮಾಡಲಿಲ್ಲ. ಕೈ ಮುಂದಕ್ಕೆ ಬೀಸಿದರು, ಹೋಗು ಅಂತ. ಹೋದೆ. ಬದು ಮುಟ್ಟಿದೆ. ತಿರುಗಿಸಲು ಪೆಟ್ಟಿಗೆ ಎತ್ತಿದಾಗ ಪಟ್ಟಾ ಹರಿದು ನೆಲಕ್ಕೆ ಬಿತ್ತು.

ಲಗಮವ್ವ ಬಂದು ಭಂಡಾರದಲ್ಲಿ ಬೆರಳದ್ದಿ ಬಿಸಿ ತಗಡಿಗೆ ಹಚ್ಚಿದಳು, ಆಮೇಲೆ ನನ್ನ ಹಣೆಗೆ, ಆಮೇಲೆ ಜೋಶಿ ಸಾಹೇಬರ ಹಣೆಗೆ.

ಇಷ್ಟಕ್ಕೇ ಗೆದ್ದೆವು ಅನ್ನುವಂತಿರಲಿಲ್ಲ. ದಸರೆಗೆ ಮೊದಲು ಎರಡು ಒಳ್ಳೆಯ ಮಳೆ ಬಿದ್ದವು. ಕುರಣವೆಲ್ಲ ಗೇಣುದ್ದ ಹಸಿರಾಯಿತು. ಮಾಯಪ್ಪ ಹಿಂಡು ತಂದು ಬೇಲಿಯ ಹತ್ತಿರ ನಿಂತು, “ಬಿಡ್ಲೇನ್ರಿ?” ಎಂದು ಕೇಳಿದ. ಡಾಕ್ಟರಬಾಯಿ ಹೂಂ ಎಂದು ತಲೆಯಾಡಿಸಿದರು. ಆಮೇಲಿನ ದಿನಗಳಲ್ಲಿ ಅವರು ದಿನಾಲೂ ಹಿಂಡಿನೊಳಗೆ ಹೋಗಿ ಒಂದೊಂದೇ ಮರಿ ಹಿಡಿದು, ಹೊಟ್ಟೆಯ ಕೆಳಗೆ, ತೊಡೆಯ ಸಂದಿಗೆ, ಕತ್ತಿಗೆ ಬೆರಳಿನಿಂದ ಉಣ್ಣೆ ಬಿಡಿಸಿ ನೋಡುತ್ತಿದ್ದರು. ಮಾಯಪ್ಪ ಪಕ್ಕದಲ್ಲಿ ಕೂತು ಮರಿಯ ಕಾಲು ಹಿಡಿದಿರುತ್ತಿದ್ದ.

ದೀಪಾವಳಿಯ ಹಿಂದೆಮುಂದೆ ಒಂದು ದಿನ ಕೊನೆಯ ಮರಿಯನ್ನೂ ನೋಡಿ ಬಿಟ್ಟು ಎದ್ದು ನಿಂತರು.

“ಏನ ಐತ್ರಿ ಬಾಯಾರ?”

“ಏನೂ ಇಲ್ಲ, ಮಾಯಪ್ಪ.” ಅವರು ಬೆರಳಿಗೆ ಹತ್ತಿದ ಉಣ್ಣೆ ಒರೆಸಿಕೊಂಡರು. “ಒಂದರ ಮೈಯಾಗೂ ಏನೂ ಇಲ್ಲ.”

ಮಾಯಪ್ಪ ಒಂದು ಮರಿಯನ್ನು ಎತ್ತಿ ಕಂಬಳಿಯೊಳಗೆ ಹಾಕಿಕೊಂಡು ಊರಿನ ಕಡೆ ಹೊರಟ. ಯಾಕೆ, ಎಲ್ಲಿಗೆ ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಟ್ರ್ಯಾಕ್ಟರಿಗೆ ನೀರು ಹಾಕುತ್ತಿದ್ದೆ. ಫಾಟಾದ ಕಡೆಯಿಂದ ದೂಳು ಎದ್ದಿತು. ಹನ್ನೂರಿನ ಕುರುಬರು, ಅವರ ಹಿಂದೆ ನಾನು ಹೆಸರು ಕೇಳದ ಊರುಗಳ ಕುರುಬರು, ತಮ್ಮ ತಮ್ಮ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದರು. ರಸ್ತೆ ಕಾಣುತ್ತಿರಲಿಲ್ಲ. ಎಲ್ಲರ ಮುಂದೆ ಮಾಯಪ್ಪ, ಹೆಗಲ ಮೇಲೆ ಆ ಮರಿ. ಗೇಟಿನ ಹತ್ತಿರ ಬಂದು, “ಬಾಯಾರ, ನಿಮ್ಮ ಟಗರು ಎದ್ದಾವೇನ್ರಿ?” ಎಂದು ಕೂಗಿದ.

ಡಾಕ್ಟರಬಾಯಿ ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡೇ ಹೊರಗೆ ಬಂದರು. ನೋಡಿದರು. ಚಹಾ ಚೆಲ್ಲಿ ಸೀರೆಯ ಮೇಲೆ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

“ಶಂಕ್ರಪ್ಪ, ಗೇಟ ತಗೀರಿ” ಅಂದರು.

ನಾನು ಓಡಿ ಹೋಗಿ ಎರಡೂ ಕದ ಪೂರಾ ತೆರೆದೆ.